ಏರದ ಬಳೆ

ಬಳೆ ಏರಲಿಲ್ಲ.

ದಾಸರಹಳ್ಳಿಯ ನಮ್ಮ ಮನೆಯಲ್ಲಿ ನನ್ನ ಸೀಮಂತ; ಎರಡನೇ ಬಸುರಿಗೂ ಆಗಲೇಬೇಕೆಂದು ಅತ್ತೆಯ ಹಟ. ಏಳು ತಿಂಗಳು ತುಂಬಿತ್ತು. ಬಳೆಗಾರ ಖಾಸಿಮಣ್ಣ ಯುಗಾದಿಗೆ ತೊಡಿಸಿದ್ದ ಅಳತೆಯನ್ನೇ ತಂದಿದ್ದರು. ಅದು ಗೆಣ್ಣಿನಲ್ಲೇ ಸಿಕ್ಕಿಕೊಂಡಿತು. ಎರಡು ಸೈಜು ದೊಡ್ಡದು ತೆಗೆದು, ಸೋಪು ಹಚ್ಚಿ, ಹೇಗೋ ನೂಕಿದರು.

"ನೋಡ್ರೇ, ನಮ್ಮುಡ್ಗಿ ಎಂಗೆ ಮೈಕೈ ತುಂಬ್ಕಂಡವ್ಳೆ!" ಎಂದರು ಅತ್ತೆ. ಹೆಂಗಸರೆಲ್ಲ ನಕ್ಕರು. ನಾನೂ ನಕ್ಕೆ, ದಡ್ಡಿ. ಮೂರು ದಿನದಿಂದ ತಲೆ ಸಿಡಿಯುತ್ತಿತ್ತು.

ರಾಜಮ್ಮ ಮಾತ್ರ ನಗಲಿಲ್ಲ.

ರಾಜಮ್ಮ ಪೀಣ್ಯದ ಟ್ರಸ್ಟ್ ಆಸ್ಪತ್ರೆಯಲ್ಲಿ ಮಿಡ್‌ವೈಫ್ ಆಗಿದ್ದವರು. ನನ್ನ ಮೊದಲ ಮಗ ಅವರ ಕೈಯಲ್ಲೇ ಹುಟ್ಟಿದ್ದು. ಆಗೆಲ್ಲ ವಾರಕ್ಕೊಮ್ಮೆ, ಕೆಲಸ ಕಲಿಯುವ ಹುಡುಗಿಯರನ್ನು ಕರೆದುಕೊಂಡು, ಬಟ್ಟೆಚೀಲದಲ್ಲಿ ಬಿ.ಪಿ. ಯಂತ್ರ ಹಾಕಿಕೊಂಡು ಬಸುರಿಯರ ಮನೆಮನೆಗೆ ಬರುತ್ತಿದ್ದರು. ಆಮೇಲೆ ವಿದೇಶದಿಂದ ಬರುತ್ತಿದ್ದ ಗ್ರಾಂಟ್ ನಿಂತಿತು. ಟ್ರಸ್ಟಿನವರು ಒಂದೇ ಮೀಟಿಂಗಿನಲ್ಲಿ ಹೆರಿಗೆ ವಾರ್ಡನ್ನೂ ಟ್ರೇನಿಂಗನ್ನೂ ಮುಚ್ಚಿದರು. "ಡಾಕ್ಟರೇ ಇರುವಾಗ ಸೂಲಗಿತ್ತಿ ಯಾಕೆ?" ಎಂದರಂತೆ ಸೆಕ್ರೆಟರಿ. ಆಹಾ, ಎಂಥ ಬುದ್ಧಿ! ಡಾಕ್ಟರು ಬರುತ್ತಿದ್ದದ್ದು ವಾರಕ್ಕೆರಡು ದಿನ. ಆದರೆ ಗೇಟಿಗೆ ಕಲ್ಲಿನ ಕಮಾನು ಮಾತ್ರ ಎದ್ದಿತು, ದಾನಿಗಳ ಹೆಸರು ಕೆತ್ತಿಸಿಕೊಂಡು. ರಾಜಮ್ಮ ಪಕ್ಕದ ರಸ್ತೆಯ ಫ್ಯಾಕ್ಟರಿಯಲ್ಲಿ ಸ್ಕ್ರೂ ಪ್ಯಾಕ್ ಮಾಡಲು ಸೇರಿದರು.

ಹಿಂದಿನ ವಾರವಷ್ಟೇ ಆ ಡಾಕ್ಟರ ಹತ್ತಿರ ಹೋಗಿದ್ದೆ. ಮಹಾಶಯರು ತಲೆ ಎತ್ತಲಿಲ್ಲ.

"ಬಸುರಿ ಅಂದ್ಮೇಲೆ ಕಾಲು ಊದುತ್ತೆ ಕಣಮ್ಮ. ಐರನ್ ಟ್ಯಾಬ್ಲೆಟ್ ತಗೋ."

ಬಿ.ಪಿ. ನೋಡಲಿಲ್ಲ. ಅದು ಮಿಡ್‌ವೈಫ್ ಕೆಲಸವಂತೆ. ಮಿಡ್‌ವೈಫೇ ಇರಲಿಲ್ಲವಲ್ಲ!

ಸೀಮಂತದಲ್ಲಿ ರಾಜಮ್ಮ ಕಾಲಿಗೆ ಅರಿಶಿನ ಹಚ್ಚುವವರಂತೆ ಕೂತು ನನ್ನ ಮೊಣಕಾಲ ಕೆಳಗಿನ ಮೂಳೆಯ ಮೇಲೆ ಹೆಬ್ಬೆರಳು ಒತ್ತಿದರು. ಬೆರಳು ತೆಗೆದರು.

ಕುಳಿ ಹಾಗೇ ನಿಂತಿತು.

"ಆಟೋ ತರ್ಸಿ. ಈಗ್ಲೇ ದೊಡ್ಡಾಸ್ಪತ್ರೆಗೆ ಹೋಗ್ಬೇಕು."

"ಆರತಿ ಆಗ್ದೆ ಒಸ್ಲು ದಾಟ್ಬಾರ್ದು ಕಣವ್ವ," ಎಂದರು ಅತ್ತೆ.

"ಕಾಯ್ತಾ ಕೂತ್ರೆ ತಾಯಿ ಮಗು ಇಬ್ರೂ ಉಳಿಯಲ್ಲಮ್ಮ."

ಅತ್ತೆ ಆರತಿ ತಟ್ಟೆ ಕೆಳಗಿಟ್ಟರು. ನನ್ನ ಗಂಡ ಚಪ್ಪಲಿ ಕೂಡ ಮೆಟ್ಟದೆ ಆಟೋಗೆ ಓಡಿದರು.

ಊರೊಳಗಿನ ದೊಡ್ಡಾಸ್ಪತ್ರೆಯಲ್ಲಿ ಬಿ.ಪಿ. ನೋಡಿದ ಡಾಕ್ಟರಮ್ಮ ಇನ್ನೊಮ್ಮೆ ನೋಡಿದರು. ಅಷ್ಟು ಏರಿತ್ತು. ಯೂರಿನ್‌ನಲ್ಲಿ ಆಲ್ಬುಮಿನ್ ಎಂಬ ಪ್ರೋಟೀನೂ ಹೋಗುತ್ತಿತ್ತು. "ಎರಡು ದಿನ ಬಿಟ್ಟಿದ್ರೆ ಫಿಟ್ಸ್ ಬಂದ್ಬಿಡ್ತಿತ್ತು" ಎಂದರು. ಡ್ರಿಪ್ ಹಾಕಲು ನರ್ಸು ನನ್ನ ಹಸಿರು ಬಳೆಗಳನ್ನು ಒಂದೊಂದಾಗಿ ಒಡೆದಳು. ಅತ್ತೆ ಗೋಡೆಯ ಕಡೆ ತಿರುಗಿ ನಿಂತರು. ಐದು ವಾರ ಉಪ್ಪಿಲ್ಲದ ಊಟ, ಪರದೆ ಎಳೆದ ಕೋಣೆ. ಸಾಯುತ್ತೇನೆಂದು ಹೆದರಿದ್ದೆ, ಸುಳ್ಳೇಕೆ ಹೇಳಲಿ. ಮಲಗಿದಲ್ಲೇ ಒಂದು ಯೋಚನೆ ಕೊರೆಯುತ್ತಿತ್ತು: ನನ್ನ ಕಾಯಿಲೆ ಯಾರಿಗೂ ಕಾಣದ್ದೇನಲ್ಲ, ಬಳೆಗಾರನ ಕೈಗೂ ಸಿಕ್ಕಿತ್ತು, ಅದನ್ನು ಓದಬಲ್ಲ ಒಬ್ಬಳನ್ನು ದಂಡವೆಂದು ಮನೆಗೆ ಕಳಿಸಿದ ಆ ಟ್ರಸ್ಟಿನ ಸೂಟುಬೂಟಿನವರು ತಮ್ಮ ಹೆಂಡಿರನ್ನು ಹೆರಿಗೆಗೆ ಎಲ್ಲಿಗೆ ಕಳಿಸುತ್ತಾರೆ?

ಮಗಳು ದಿನ ತುಂಬುವ ಮೊದಲೇ ಹುಟ್ಟಿದಳು. ಅಂಗೈಯಗಲದ ಮುಖ. ಹತ್ತಿಯಲ್ಲಿ ಸುತ್ತಿಟ್ಟರು. ಉಳಿದಳು.

ಮೂರು ತಿಂಗಳಾದ ಮೇಲೆ ಮಗಳಿಗೆ ಇಂಜೆಕ್ಷನ್ ಹಾಕಿಸಲು ಪೀಣ್ಯದ ಆಸ್ಪತ್ರೆಗೇ ಹೋಗಬೇಕಾಯಿತು. ನನ್ನ ಮಗ ಹುಟ್ಟಿದ ಲೇಬರ್ ರೂಮಿನಲ್ಲಿ ಈಗ ಸೋಫಾ! ಸೆಕ್ರೆಟರಿ ಹಲ್ಲುಕಿರಿದು ವಿಸಿಟರ್ಸ್ ಬುಕ್ ಮುಂದಿಟ್ಟರು.

"ನಮ್ಮ ಆಸ್ಪತ್ರೆ ಬಗ್ಗೆ ನಾಲ್ಕು ಒಳ್ಳೆ ಮಾತು ಬರೀರಿ ಮೇಡಂ. ಹೊಸ ಡೋನರ್ಸ್ ಬರ್ತಿದಾರೆ."

ಮುಖಕ್ಕೆ ಮೂರು ಕಾಸಿನ ನಾಚಿಕೆ ಬೇಡವೇ?

ಬರೆದೆ. "ನನ್ನನ್ನೂ ನನ್ನ ಮಗಳನ್ನೂ ಉಳಿಸಿದವರು ನೀವು ಮನೆಗೆ ಕಳಿಸಿದ ರಾಜಮ್ಮ. ಪಕ್ಕದ ರಸ್ತೆಯಲ್ಲಿ ಸ್ಕ್ರೂ ಪ್ಯಾಕ್ ಮಾಡುತ್ತಾರೆ. ಡೋನರ್ಸ್ ಅಲ್ಲಿಗೆ ಹೋಗಿ ನೋಡಲಿ."

ಓದಿದರು. ಪುಸ್ತಕ ಮುಚ್ಚಿದರು. ಪುಟ ಹರಿದರೋ ಏನೋ, ಅವರ ಕರ್ಮ.

ನನ್ನ ಬಿ.ಪಿ. ಪೂರ್ತಿ ಇಳಿದಿಲ್ಲ, ಮಾತ್ರೆ ನುಂಗುತ್ತಿದ್ದೇನೆ. ಪ್ರತಿ ಭಾನುವಾರ ರಾಜಮ್ಮ ಬರುತ್ತಾರೆ. ಮಗಳನ್ನು ಅವರ ಮಡಿಲಿಗೆ ಹಾಕಿ ಕಾಲು ಚಾಚುತ್ತೇನೆ. ಮೂಳೆಯ ಮೇಲೆ ಹೆಬ್ಬೆರಳು ಒತ್ತಿ ತೆಗೆಯುತ್ತಾರೆ. ಇಬ್ಬರೂ ಬಗ್ಗಿ ನೋಡುತ್ತೇವೆ.

ಈಗ ಕುಳಿ ನಿಲ್ಲುವುದಿಲ್ಲ.