ಮೆಣಸಿನಕಾಯಿ ಘಾಟಿಗೆ ಕೆಮ್ಮದ ಮೊಮ್ಮಗ

ಎರಡು ಸಾವಿರದ ಆರೋ ಏಳೋ ಇರ್ಬೇಕು. ಹಿಂದೂಪುರದಿಂದ ಮಗಳು ಫೋನ್ ಮಾಡಿ ಅತ್ತಳು.

"ಅಮ್ಮಾ, ನಿನ್ನ ಮೊಮ್ಮಗ ಊಟ ಬಿಟ್ಟವ್ನೆ, ಇಸ್ಕೂಲಿಗೂ ಹೋಗಲ್ಲ. ಯಾರದೋ ದಿಷ್ಟಿ ತಗುಲೈತೆ. ಬಂದು ತೆಗಿ."

ಕಲ್ಯಾಣದುರ್ಗದಿಂದ ಬಸ್ಸು ಹತ್ತಿದೆ. ದಿಷ್ಟಿ ತೆಗೆಯಾಕೆ ನಮ್ಮನೇಲಿ ನಾನೇ ಆಗ್ಬೇಕು.

ಉಪ್ಪು, ಒಣಮೆಣಸಿನಕಾಯಿ ಅವನಿಗೆ ಮೂರು ಸುತ್ತು ಇಳಿಸಿ ಕೆಂಡಕ್ಕಾಕಿದೆ. ಘಾಟು ಬರದಿದ್ರೆ ದಿಷ್ಟಿ ಜೋರು ಅಂತ ಅರ್ಥ. ಆವತ್ತು ಬಂತು ನೋಡಿ! ಮಗಳು ಕೆಮ್ಮುತ್ತಾ ಹಿತ್ತಲಿಗೆ ಓಡಿದಳು. ನಾನು ಏಳು ಸಲ ಸೀನಿದೆ. ಹದಿನೈದು ವರ್ಷದ ಮೊಮ್ಮಗ ಮಾತ್ರ ಕೆಂಡದ ಪಕ್ಕ ಸುಮ್ಕೆ ಕೂತಿದ್ದ.

"ಅಬ್ಬಾ, ಏಂ ದಿಷ್ಟಿ ಅತ್ತಾ ಇದಿ! ಇವನಿಗೆ ಘಾಟೇ ತಟ್ಟಲಿಲ್ಲ," ಅಂದ ತೆಲುಗು ಬೆರೆಸಿ ಮಾತಾಡೋ ಅಳಿಯ, ಮೂಗಿಗೆ ಟವಲ್ ಹಿಡ್ಕೊಂಡು.

ದಿಷ್ಟಿಯಾದ್ರೆ ನಮಗೂ ಘಾಟು ಬರಬಾರದಲ್ವಾ? ಇವನ ಮೂಗಿಗೇನಾಗೈತೆ? ನಂಗೆ ಅದೇ ಹುಳ ಹೊಕ್ಕಂಡ್ತು.

ಬೆಳಿಗ್ಗೆ ಅವನ ಪ್ಯಾಂಟು ಒಗೆಯಾಕೆ ತಗೊಂಡೆ. ಜೇಬಲ್ಲಿ ಕರ್ಚೀಪು, ಹಪ್ಪಳದಂಗೆ ಗಟ್ಟಿ. ಮೂಸಿದೆ. ಸೈಕಲ್ ಅಂಗಡಿ ವಾಸನೆ, ತಲೆ ಗಿರ್ ಅಂತು. ಸುಳ್ಳ್ಯಾಕೆ, ಇನ್ನೊಂದ್ಸಲ ಮೂಸಿದೆ.

ಹುಡುಗ ಓಡಿ ಬಂದು ಕಿತ್ಕೊಂಡ. "ಬ್ಯಾಡಜ್ಜಿ! ಅದು ಒಳ್ಳೇದಲ್ಲ!"

"ನಂಗೆ ಒಳ್ಳೇದಲ್ಲ, ನಿಂಗೆ ಒಳ್ಳೇದೇನ್ಲಾ?"

ನಕ್ಕುಬುಟ್ಟ. ಹಿಂದೇನೇ ಅಳು.

ನಾನು ಬೈಯಲಿಲ್ಲ. ಅಡುಗೆ ಮಾಡೋದು ಕೇಳ್ದಂಗೆ ಕೇಳಿದೆ, ಏನು, ಹೆಂಗೆ, ಯಾವಾಗಿಂದ ಅಂತ. ಪಂಚರ್ ಹಾಕೋ ಸೊಲ್ಯೂಷನ್ನು. ಬಟ್ಟೆಗೆ ಹಾಕಿ ಎಳೆಯೋದಂತೆ. ತಲೆ ತೇಲ್ತದಂತೆ, ಹಸಿವೇ ಆಗಲ್ವಂತೆ. "ಬಿಡಾಕೆ ಆಗ್ತಿಲ್ಲಜ್ಜಿ," ಅಂದ.

ಆಸ್ಪತ್ರೆಗೆ ಕರ್ಕೊಂಡೋದ್ವಿ. ಇದು ಕಾಯಿಲೆ, ಹೊಡೀಬೇಡಿ, ಒಂಟಿಯಾಗಿ ಬಿಡಬೇಡಿ ಅಂದ್ರು ಡಾಕ್ಟ್ರು. ಅಳಿಯ ತಲೆ ತಗ್ಗಿಸಿದ, ಆಗ್ಲೇ ಎರಡು ಬಾರಿಸಿದ್ದ. ಹುಡುಗನ್ನ ನನ್ನ ಜೊತೆ ಕಲ್ಯಾಣದುರ್ಗಕ್ಕೆ ಕರ್ಕೊಂಡು ಬಂದೆ. ಡಾಕ್ಟ್ರು ಕರೆದಾಗೆಲ್ಲ ಇಬ್ರೂ ಬಸ್ಸಲ್ಲಿ ಹೋಗಿ ಬರ್ತಿದ್ವಿ.

ಎರಡು ಸಲ ಮತ್ತೆ ಅದನ್ನೇ ಮೂಸಿ ತಪ್ಪಿದ. ಎರಡು ಸಲಾನೂ ಅವನೇ ಬಂದು ಹೇಳಿದ.

ನಂಗೋ ಅವನ ಮೂಗಿನ ಮೇಲೇ ಕಣ್ಣು. ದಿನಾ ಕಣ್ಣು ಮುಚ್ಚಿಸಿ ಒಂದೊಂದು ಹಿಡೀತಿದ್ದೆ. ಇಂಗು. ಮಲ್ಲಿಗೆ. ಒಂದಿನ ನನ್ನ ಹಳೇ ಚಪ್ಲಿ.

"ಏನ್ಲಾ ಇದು?"

"ಗೊತ್ತಾಗ್ತಿಲ್ಲಜ್ಜಿ."

ಚಪ್ಲಿ ವಾಸನೇನೂ ಗೊತ್ತಾಗಲಿಲ್ಲ ಅಂದಾಗ ನಾನೇ ಒಂದ್ಸಲ ಮೂಸಿ ನೋಡಿದೆ.

ನಾಲ್ಕು ತಿಂಗಳು ಕಳೀತೇನೋ. ಒಂದು ಬೆಳಿಗ್ಗೆ ಸಾರಿಗೆ ಒಗ್ಗರಣೆ ಹಾಕ್ತಿದ್ದೆ. ಜಗಲಿ ಮೇಲಿಂದ ಕೆಮ್ಮು, ಅದರ ಮೇಲೊಂದು ಸೀನು.

"ಏನಜ್ಜೀ, ಸಾಯಿಸ್ಬುಡ್ತೀಯಾ?"

ನಾನು ಇನ್ನೆರಡು ಮೆಣಸಿನಕಾಯಿ ಮುರಿದು ಎಣ್ಣೆಗಾಕಿದೆ.