ವಯರ್ ಕಿತ್ತು ನೋಡುವ ಪುಟದಕ್ಕ

ಸೂರ್ಯ ಇನ್ನೂ ಮಗ್ಗುಲು ಬದಲಿಸುತ್ತಿದ್ದಾನೆ. ಮೆಟ್ಟಿಲ ಕೆಳಗಿನ ಅಂಗಡಿಯಲ್ಲಿ ಪುಟದಕ್ಕ ಆಗಲೇ ಕಂಪ್ಯೂಟರಿನ ಮುಂದೆ ಕೂತಾಗಿದೆ. ಅಂಗಡಿ ಎಂದರೆ ಎಂಥದ್ದು? ಬೆಕ್ಕು ಒಳಗೆ ಬಂದರೆ ಬಾಲ ಬೀದಿಯಲ್ಲೇ ಉಳಿಯಬೇಕು. ಕಂಪ್ಯೂಟರಿನ ಫ್ಯಾನಿನ ಸದ್ದಿಗೆ ಮೇಲಿನ ಮಹಡಿಯವರು ನಾಚಿ ಗೊರಕೆಯನ್ನೇ ಬಿಟ್ಟಿದ್ದಾರೆ. ಜನ ಎದ್ದು ಫೋನು ಹಿಡಿದರೆ ನೆಟ್ಟು ಬಸವನಹುಳು. ಈಗ ಮಾತ್ರ ಜಿಂಕೆ.

ಇಂಟರ್ನೆಟ್ಟಿನ ಪುಟಗಳನ್ನು ನೆಟ್ ಇಲ್ಲದೆಯೂ ಓದಲು ಬರುವಂತೆ ಇಳಿಸಿ ಪೆನ್‌ಡ್ರೈವಿಗೆ ತುಂಬಿಕೊಡುವುದು ಇವರ ಕಸುಬು. ಸುರಂಗ ಕೊರೆಯುವವರು, ಹಡಗಿನ ಅಡುಗೆಯವ, ನೆಲಮಾಳಿಗೆಯ ವಾರ್ಡಿನ ನರ್ಸಮ್ಮ, ಹೀಗೆ ಸಿಗ್ನಲ್ ಸುಳಿಯದ ಕಡೆ ದುಡಿಯುವವರೆಲ್ಲ ಗಿರಾಕಿಗಳು. ದಿನಕ್ಕೆಷ್ಟು ಪುಟ ಎಂದು ನಾನು ಕೇಳಿದರೆ "ನಲವತ್ತೋ ಐವತ್ತೋ" ಎನ್ನುತ್ತಾರೆ. ಶುದ್ಧ ಸುಳ್ಳು. ಭೂಲೋಕದ ಅರ್ಧ ಇಂಟರ್ನೆಟ್ಟು ಈ ಮೆಟ್ಟಿಲ ಕೆಳಗೇ ಇದೆ.

ಇವತ್ತು ಬಾಗಿಲಿಗೆ ಭುಜ ಒರಗಿಸಿ ನಿಂತಿರುವವರು ಲಿಫ್ಟ್ ರಿಪೇರಿಯವರು. ಅವರ ಹೆಂಡತಿ ಹೊಲಿಗೆಯ ವೆಬ್‌ಸೈಟೊಂದರಲ್ಲಿ ವರ್ಷಗಟ್ಟಲೆ ಬರೆದವರು, ತಾವು ಹೊಲಿಯುವುದನ್ನು ಹಂತಹಂತವಾಗಿ ಫೋಟೋ ತೆಗೆದು ಹಾಕಿದವರು. ಈಗಿಲ್ಲ. ಆ ವೆಬ್‌ಸೈಟೂ ಇವತ್ತು ಮಧ್ಯಾಹ್ನ ಮುಚ್ಚುತ್ತದೆ.

"ಮುಖದ ಫೋಟೋ ಮನೇಲಿದೆ ಅಕ್ಕಾ. ಅವಳ ಕೈ ಮಾತ್ರ ಅಲ್ಲೇ ಇರೋದು. ಮಗಳು ಸೇವ್ ಮಾಡಿದಾಳೆ, ಎಲ್ಲಾ ಬಂದಿದೆ ಅಂತಾಳೆ. ಆದ್ರೂ ಒಂದ್ಸಲ ನೋಡಿಬಿಡಿ."

"ನೆಟ್ ಇದ್ದಾಗ ನೋಡಿದ್ಳೋ, ಇಲ್ದಾಗಲೋ?"

"ಅದ್ರಲ್ಲೂ ಎರಡು ಥರ ಇದ್ಯಾ?"

"ಇದೆಯಣ್ಣ. ಎದುರಿಗೆ ಹೊಗಳೋದು, ಬೆನ್ನಹಿಂದೆ ಹೊಗಳೋದು, ಎರಡೂ ಒಂದೇನಾ?"

ಪುಟದಕ್ಕ ನೆಟ್ಟಿನ ವಯರನ್ನು ಕೀಳುತ್ತಾರೆ, ಮಗಳು ಉಳಿಸಿದ ಪುಟ ತೆರೆಯುತ್ತಾರೆ. ಅಕ್ಷರಗಳೆಲ್ಲ ಇವೆ. ಕೈಗಳಿರಬೇಕಾದಲ್ಲಿ ಬೂದು ಬಣ್ಣದ ಖಾಲಿ ಚೌಕ. ಕೆಳಗೆ ಇನ್ನೊಂದು. ಅದರ ಕೆಳಗೆ ಮತ್ತೊಂದು.

"ಕೈ ಎಲ್ಲಿ ಹೋಯ್ತು?" ಎನ್ನುವಾಗ ಲಿಫ್ಟಿನವರ ದನಿ ಎರಡು ಮಹಡಿಗಳ ನಡುವೆ ನಿಂತುಬಿಡುತ್ತದೆ.

"ಬಂದೇ ಇರ್ಲಿಲ್ಲ. ನೆಟ್ ಇದ್ದಾಗೆಲ್ಲ ಆ ವೆಬ್‌ಸೈಟಿಂದಾನೇ ತಂದು ತೋರಿಸ್ತಿತ್ತು, ಕಳ್ಳ ಪುಟ."

ಮತ್ತೆ ವಯರು ಸಿಕ್ಕಿಸಿ, ಪ್ರತಿ ಪುಟವನ್ನೂ ಬುಡದವರೆಗೆ ಸರಿಸಿ, ಕೊನೆಯ ಚಿತ್ರ ಮೂಡುವ ತನಕ ಕಾದು ಇಳಿಸುತ್ತಾರೆ. "ಈ ಚಿತ್ರಗಳು ಹೊಸ ಅಳಿಯಂದಿರ ಥರ. ಹತ್ರ ಹೋಗಿ ಕರೆದ್ರೇನೇ ಬರೋದು."

ಈ ಪಾಠವನ್ನು ಪುಟದಕ್ಕನಿಗೆ ಯಾರೂ ಪುಕ್ಕಟೆ ಹೇಳಿಕೊಟ್ಟಿಲ್ಲ. ಫೋಟೋ ಹುಚ್ಚಿನ ತಮ್ಮನೊಬ್ಬನಿದ್ದ. ಅವನೂ ಅವನ ಫೋನೂ ಒಟ್ಟಿಗೇ ನದಿಪಾಲು. ಅವನ ವೆಬ್‌ಪುಟವನ್ನು ಅಕ್ಕ ಉಳಿಸಿಕೊಂಡರು, ದಿನಾ ತೆರೆದು ನೋಡಿದರು. ಒಂದು ದಿನ ಆ ವೆಬ್‌ಸೈಟು ಮುಚ್ಚಿತು.

"ನಾನೂ ನೆಟ್ ಇಟ್ಕೊಂಡೇ ನೋಡ್ತಿದ್ದೆ. ಇದ್ದಾನೆ ಅಂದ್ಕೊಂಡಿದ್ದೆ" ಎನ್ನುತ್ತಾರೆ, ತೆರೆಯಿಂದ ಕಣ್ಣು ತೆಗೆಯದೆ.

ಬಿಸಿಲೇರಿದೆ, ಕಟ್ಟಡ ಎದ್ದಿದೆ. ಕೊನೆಯ ಪುಟದ ಕೊನೆಯ ಚಿತ್ರ ಅರ್ಧಕ್ಕೇ ನಿಂತಿದೆ. ಲಿಫ್ಟಿನವರು ಗೋಡೆಗೆ ಹೇಳುವಂತೆ ಹೇಳುತ್ತಾರೆ: "ಮಧ್ಯೆ ಸಿಕ್ಕಾಕ್ಕೊಂಡೋರಿಗೆಲ್ಲ ನಾನು ಧೈರ್ಯ ಹೇಳ್ತೀನಿ. ನಂಗ್ಯಾರು ಹೇಳ್ತಾರೆ?"

ಪುಟದಕ್ಕ ಎದ್ದು ಮೆಟ್ಟಿಲಿಗೆ ಬಂದು ಕೂಗುತ್ತಾರೆ. ಆ ಕೂಗಿಗೆ ಮೂರು ಬೀದಿಯಾಚೆಯ ಗಡಿಯಾರ ತಪ್ಪು ಗಂಟೆ ಹೊಡೆದಿರಬೇಕು. "ಎಲ್ರೂ ಸ್ವಲ್ಪ ಹೊತ್ತು ಫೋನ್ ಕೆಳಗಿಡ್ರಪ್ಪಾ! ಇಲ್ಲೊಬ್ರು ಹೋಗ್ತಾ ಇದಾರೆ!"

ಏನೆಂದುಕೊಂಡರೋ, ಇಡೀ ಕಟ್ಟಡ ಫೋನು ಕೆಳಗಿಡುತ್ತದೆ. ಚಿತ್ರ ಮೆಲ್ಲಗೆ ಇಳಿಯುತ್ತದೆ: ಸೂಜಿ, ನೀಲಿ ದಾರ, ಹೆಬ್ಬೆರಳಿಗೆ ಸುತ್ತಿದ ಬ್ಯಾಂಡೇಜು. ವಯರು ಕೀಳುತ್ತಾರೆ. ಕೈ ಅಲ್ಲೇ ಇದೆ. ಲಿಫ್ಟಿನವರು ತೆರೆಯ ಮೇಲೆ ತಮ್ಮ ಹೆಬ್ಬೆರಳಿಡುತ್ತಾರೆ.

ಅವರು ಹೋದ ಮೇಲೆ ಪುಟದಕ್ಕ ತಮ್ಮನ ಪುಟ ತೆರೆದು ನನಗೆ ತೋರಿಸುತ್ತಾರೆ. ಒಂದು ಖಾಲಿ ಚೌಕ. ಅದರಡಿ ಅವನು ಬರೆದ ಸಾಲು: 'ನಮ್ಮಕ್ಕ. ಇವಳು ನಕ್ಕಿದ್ದು ಇದೊಂದೇ ಸಲ.'

"ಇದರಲ್ಲಿ ನಾನು ನಗ್ತಾ ಇದ್ದೀನಿ. ನಿಮಗೆ ಕಾಣಲ್ಲ, ಬಿಡಿ." ಪುಟ ಮುಚ್ಚುತ್ತಾರೆ. "ಆದ್ರೆ ಆ ಯಮ್ಮನ ಕೈ ಒಂದನ್ನೂ ಬಿಟ್ಟಿಲ್ಲ, ನೋಡಿದ್ರಲ್ಲ."