ಅಂಗಾಲಿನ ಮಟ್ಟ

ನಮ್ಮ ಉಸ್ತಾದರ ಹಿಮ್ಮಡಿಯ ಸೀಳುಗಳಲ್ಲಿ ಸಿಮೆಂಟು ತುಂಬಿ ಬೆಳ್ಳಗಿನ ಗೆರೆಗಳಾಗಿದ್ದವು. ಎಷ್ಟು ತಿಕ್ಕಿ ತೊಳೆದರೂ ಹೋಗುತ್ತಿರಲಿಲ್ಲ. ಫರಸಿ ಕಲ್ಲಿನ ಸಂದು ತುಂಬಿದಂತೆ ಕಾಣುತ್ತಿತ್ತು ಆ ಪಾದ.

ನೆಲಕ್ಕೆ ಫರಸಿ ಹಾಸುವುದರಲ್ಲಿ ಆಳಂದ, ಅಫಜಲಪುರ, ಜೇವರ್ಗಿ ಮೂರೂ ತಾಲೂಕಿನಲ್ಲಿ ಅವರಿಗೆ ಸಮನಾದವರಿರಲಿಲ್ಲ. ಮಟ್ಟದ ಪಟ್ಟಿ ಚೀಲದಲ್ಲೇ ಇರುತ್ತಿತ್ತು. ಕಲ್ಲು ಕೂರಿಸಿದ ಮೇಲೆ ಚಪ್ಪಲಿ ಬಿಟ್ಟು, ಕಣ್ಣು ಮುಚ್ಚಿ ಅದರ ಮೇಲೆ ನಡೆಯುವರು. ಜೋಳದ ಕಾಳಿನಷ್ಟು ಏರುಪೇರಿದ್ದರೂ ಅಲ್ಲೇ ನಿಲ್ಲುವರು. "ಕಣ್ಣು ಸುಳ್ಳು ಹೇಳ್ತದಲೇ ತಮ್ಮಾ, ಅಂಗಾಲು ಹೇಳಲ್ಲ," ಎನ್ನುವರು.

ನಾನು ಆರನೇ ಇಯತ್ತೆಗೆ ಸಾಲಿ ಬಿಟ್ಟು ಅವರ ಕೈಕೆಳಗೆ ಸೇರಿದವನು. ಸಿಮೆಂಟು ಬಳಿಯುವ ಕರಣಿ ಹಿಡಿಯುವುದರಿಂದ ಹಿಡಿದು ಎಲ್ಲ ಕಲಿಸಿದರು. ಹನ್ನೆರಡು ವರ್ಷ ದುಡಿದು ನಾನೇ ಗುತ್ತೇದಾರನಾದಾಗ ಅವರು ನನ್ನ ತಂಡದಲ್ಲಿ ಕೆಲಸಕ್ಕೆ ನಿಂತರು. ಅದರಲ್ಲಿ ಅವರಿಗೆ ಸಂಕೋಚವಿರಲಿಲ್ಲ. ಸೊಕ್ಕು ಬಂದದ್ದು ನನಗೆ.

ನಿಂಬರ್ಗಾದ ಸಾಲಿಯ ಕೋಣೆಗೆ ಫರಸಿ ಹಾಸುತ್ತಿದ್ದಾಗ ಆರೋಗ್ಯ ಕೇಂದ್ರದ ನರ್ಸಮ್ಮ ಅಂಗೈಯಷ್ಟು ಮಿಷನ್ನು ಹಿಡಿದು ಬಂದಳು.

"ಎಲ್ಲಾರೂ ಒಂದೊಂದು ಬೆರಳು ಕೊಡ್ರಿ ಅಣ್ಣಾರ. ಸಕ್ಕರಿ ಬ್ಯಾನಿ ಅದ ಏನ್ ಇಲ್ಲ ನೋಡ್ತೇನಿ."

ಉಸ್ತಾದರು ಎದ್ದು ಬೆರಳನ್ನು ಧೋತರಕ್ಕೆ ಒರೆಸಿಕೊಂಡು ಮುಂದೆ ಚಾಚಿದರು. ಕಲಸಿದ ಸಿಮೆಂಟು ಗಟ್ಟಿಯಾಗುತ್ತಿತ್ತು. ನನಗೆ ಸಿಟ್ಟು ಬಂತು.

"ಅಕ್ಕಾರ, ಸಕ್ಕರಿ ಬ್ಯಾನಿ ಗಾದಿ ಮ್ಯಾಲ ಕುಂತು ತಿನ್ನೋರಿಗಿ ಬರ್ತದ. ಕಲ್ಲು ಹೊರೋರಿಗಿ ಬೆವರೊಂದೇ ಬರ್ತದ. ಹೋಗ್ರಿ, ಸಾವಕಾರ್ರ ಓಣಿ ಆ ಕಡಿ ಅದ," ಎಂದೆ. ತಂಡದವರು ನಕ್ಕರು. "ನೀವ್ಯಾಕ ಎದ್ರಿ ಉಸ್ತಾದ? ಕಲ್ಲು ಹಿಡೀರಿ."

ಅವರೂ ನಕ್ಕರು. ಚಾಚಿದ ಬೆರಳು ಮಡಚಿಕೊಂಡು ಕುಳಿತರು.

ಆಗಲೇ ಅವರು ದಿನಕ್ಕೊಂದು ಕೊಡ ನೀರು ಕುಡಿಯುತ್ತಿದ್ದರು, ಘಳಿಗೆಗೊಮ್ಮೆ ಗೋಡೆಯ ಮರೆಗೆ ಏಳುತ್ತಿದ್ದರು. ನಾವು ಅದನ್ನು ಕೆಲಸಗಳ್ಳತನ ಎಂದುಕೊಂಡೆವು.

ಮರುವರ್ಷ ಗಾಣಗಾಪುರದಲ್ಲಿ ಒಂದು ಲಾಡ್ಜಿನ ಅಂಗಳ ಹಾಸಿದೆವು. ಹೊಳೆಯಲ್ಲಿ ಮಿಂದು ಬಂದ ಯಾತ್ರಿಕರ ಬಟ್ಟೆಯಿಂದ ಇಳಿದ ನೀರು ಬಾಗಿಲ ಮುಂದೆಯೇ ನಿಂತಿತು.

"ಏನಪಾ ಗುತ್ತೇದಾರ, ಅಂಗಳ ಹಾಕಂದ್ರ ಕೆರಿ ಕಟ್ಟಿಯಲ್ಲ!" ಎಂದ ಮಾಲಕ.

ಅದು ಉಸ್ತಾದರು ಕೂರಿಸಿದ ಜಾಗ. ಕರೆಸಿದೆ. ಎಂದಿನಂತೆ ಕಣ್ಣು ಮುಚ್ಚಿ ನಡೆದು ನಿಂತರು.

"ಮಟ್ಟ ಸರಿ ಅದಲೋ ತಮ್ಮಾ," ಎಂದರು. ನಿಂತದ್ದು ಆ ನೀರಿನಲ್ಲೇ.

"ನೀರಾಗ ನಿಂತು ಸರಿ ಅದ ಅಂತೀರಲ್ರಿ! ಸಾಕು ಉಸ್ತಾದ, ಇನ್ನ ಮನ್ಯಾಗ ಕುಂಡ್ರಿ," ಎಂದು ಎಲ್ಲರೆದುರೇ ಸಬ್ಬಲು ಹಾಕಿ ಅವರ ಮೂರು ಕಲ್ಲು ಎಬ್ಬಿಸಿದೆ. ಅವರು ಕಣ್ಣು ತೆರೆದು ತಮ್ಮ ಪಾದವನ್ನು ಬಹಳ ಹೊತ್ತು ನೋಡಿದರು. "ಗೊತ್ತೇ ಆಗ್ಲಿಲ್ಲಲ್ಲೋ," ಎಂದರು. ಮಾರನೆಯ ದಿನದಿಂದ ಬರಲಿಲ್ಲ. ನಾನೂ ಕರೆಯಲಿಲ್ಲ.

ಅಫಜಲಪುರದ ಕಡೆ ತಮ್ಮೂರಲ್ಲೇ ಸಣ್ಣಪುಟ್ಟ ಕೆಲಸ ಮಾಡಿಕೊಂಡಿದ್ದರು. ಒಂದು ದಿನ ಅಂಗಾಲಿಗೆ ಮೊಳೆ ಹೊಕ್ಕಿತು. ಸಂಜೆಯವರೆಗೂ ಅದರ ಮೇಲೇ ನಡೆದರು. ಮನೆಯ ನೆಲದ ಮೇಲೆ ರಕ್ತದ ಹೆಜ್ಜೆ ನೋಡಿ ಹೆಂಡತಿ ಚೀರಿದಾಗಲೇ ಅವರಿಗೆ ತಿಳಿದದ್ದು. ಗಾಯ ಕೊಳೆತು ಕಲಬುರಗಿಯ ದವಾಖಾನೆಗೆ ಒಯ್ದಾಗ ಮೊದಲ ಸಲ ಅವರ ರಕ್ತ ಪರೀಕ್ಷೆ ಮಾಡಿದರು. ಸಕ್ಕರೆ ವರ್ಷಗಳಿಂದ ಏರಿತ್ತಂತೆ. ಆ ಕಾಲನ್ನು ಮೊಣಕಾಲ ಕೆಳಗೆ ಕತ್ತರಿಸಿದರು. ನೋಡಲು ಹೋದರೆ ಹೊದಿಕೆ ಸರಿಸಿ, "ಮಟ್ಟ ತಪ್ಪಿತು ನೋಡಲೇ," ಎಂದು ನಕ್ಕರು. ನನಗೆ ನಗು ಬರಲಿಲ್ಲ. ಯುಗಾದಿಯ ಮುಂಚೆ ತೀರಿಕೊಂಡರು.

ಕಳೆದ ವರ್ಷ ಆಳಂದದಲ್ಲಿ ಒಂದು ಸಭಾಭವನದ ಮೆಟ್ಟಿಲು ಕೂರಿಸುತ್ತಿದ್ದೆವು. ಒಳಗೆ ಮಧುಮೇಹದ ದಿನದ ಕಾರ್ಯಕ್ರಮ. ಜಗತ್ತಿನ ಎಲ್ಲ ದೇಶಗಳಲ್ಲೂ ಅದೇ ದಿನ ಮಾಡುತ್ತಾರಂತೆ. ಗಾಳಿ ತುಂಬಿದ ನೀಲಿ ಫುಗ್ಗೆ, ನೀಲಿ ಬ್ಯಾನರು, ಮುಂದಿನ ಕುರ್ಚಿಗಳಲ್ಲಿ ನೌಕರರು. ಸಕ್ಕರೆ ಹಾಕಿದ ಚಹಾ, ಬೂಂದಿ ಲಾಡು ಹಂಚುತ್ತಿದ್ದರು. ಡಾಕ್ಟರು ಮೈಕಿನಲ್ಲಿ ಓದುತ್ತಿದ್ದರು: ಅತಿಯಾದ ಬಾಯಾರಿಕೆ, ಪದೇ ಪದೇ ಮೂತ್ರ, ಅಂಗಾಲಿನ ಸ್ಪರ್ಶ ಹೋಗುವುದು.

ನನ್ನ ಕೈಯ ಕರಣಿ ನಿಂತಿತು. ಲಾಡ್ಜಿನ ಅಂಗಳ ಕಣ್ಣಿಗೆ ಬಂತು. ಸಿಮೆಂಟಿನ ಕಾಲಲ್ಲೇ ಒಳಗೆ ಹೋಗಿ ಕೂಗಿದೆ:

"ಸಾಹೇಬ್ರ, ಇದನ್ನ ಕುರ್ಚಿ ಮ್ಯಾಲಿನ ಮಂದಿಗಿ ಏನ್ ಹೇಳ್ತೀರಿ? ಕಲ್ಲು ಹೊರೋರ ಹಂತೇಕ ಬಂದು ಹೇಳಾಕ ಏನಾಗ್ಯಾದ ನಿಮಗ?"

ಹಿಂದಿನ ಸಾಲಿನಿಂದ ಒಬ್ಬ ಹೆಣ್ಣುಮಗಳು ಎದ್ದಳು. ಅದೇ ನರ್ಸಮ್ಮ.

"ಬಂದಿದ್ನಲ್ರಿ ಅಣ್ಣಾರ, ನಿಂಬರ್ಗಾಕ. ನೀವೇ ಹೊಳ್ಳಿ ಕಳಿಸಿದ್ರಿ. ಹಿರ್ಯಾರೊಬ್ರು ಬೆರಳು ಚಾಚಿದ್ರು. ಹ್ಯಾಂಗ ಅದಾರ ಈಗ?"

ಮೂರು ತಾಲೂಕಿನಲ್ಲಿ ಯಾರಿಗೂ ತಲೆಬಾಗದವನು ನಾನು. ಅಂದು ಸಿಮೆಂಟು ಮೆತ್ತಿದ ನನ್ನ ಪಾದ ನೋಡುತ್ತ ನಿಂತೆ.

ಈಗ ಆಕೆಯನ್ನು ನಾನೇ ಕೆಲಸದ ಜಾಗಕ್ಕೆ ಕರೆಸುತ್ತೇನೆ. ಕಲಸಿದ ಸಿಮೆಂಟು ಗಟ್ಟಿಯಾದರೆ ಆಗಲಿ ಎಂದು ಕೆಲಸ ನಿಲ್ಲಿಸಿ, ಬಕೆಟ್ಟಿನಲ್ಲಿ ನೀರಿಟ್ಟು, ತಂಡದವರ ಕೈ ತೊಳೆಸುತ್ತೇನೆ. ಯಾರಾದರೂ ಬೆರಳನ್ನು ಧೋತರಕ್ಕೆ ಒರೆಸಿಕೊಂಡು ಮುಂದೆ ಚಾಚಿದಾಗ ಮಾತ್ರ ನನಗೆ ಆ ಕಡೆ ನೋಡಲಾಗುವುದಿಲ್ಲ.